ಪಿಯುಸಿ ನಂತರ ಜರ್ಮನಿ: ಪದವಿಗೆ ಮುನ್ನ ಒಂದು ವರ್ಷದ ಪರೀಕ್ಷೆ

ದ್ವಿತೀಯ ಪಿಯುಸಿಯಲ್ಲಿ ಉತ್ತಮ ಅಂಕ ಗಳಿಸಿದ ವಿದ್ಯಾರ್ಥಿಗೆ ಯಾವುದೇ ದೇಶದ ವಿಶ್ವವಿದ್ಯಾಲಯದ ಬಾಗಿಲು ತೆರೆದಿರುತ್ತದೆ ಎಂಬ ನಂಬಿಕೆ ಪೋಷಕರಲ್ಲಿ ಸಾಮಾನ್ಯವಾಗಿದೆ. ವಸ್ತುಸ್ಥಿತಿ ಹಾಗಿಲ್ಲ. ಹನ್ನೆರಡು ವರ್ಷಗಳ ಭಾರತೀಯ ಶಾಲಾ ಶಿಕ್ಷಣವನ್ನು ತಮ್ಮ ದೇಶದ ಶಾಲಾಂತ್ಯ ಪರೀಕ್ಷೆಗೆ ಸಮಾನವೆಂದು ಒಪ್ಪದ ದೇಶಗಳಿವೆ. ಅಂಥ ಕಡೆ ಪದವಿ ತರಗತಿಗೆ ಮುನ್ನ ಒಂದು ವರ್ಷದ ಪೂರ್ವಸಿದ್ಧತಾ ವ್ಯಾಸಂಗ, ಅಂದರೆ ಫೌಂಡೇಶನ್ ಕೋರ್ಸ್, ಪೂರೈಸಬೇಕಾಗುತ್ತದೆ. ಬ್ರಿಟನ್ನಿನಲ್ಲಿ ಇದನ್ನು ಬಹುಮಟ್ಟಿಗೆ ವಿಶ್ವವಿದ್ಯಾಲಯಗಳು ಮತ್ತು ಅವುಗಳೊಂದಿಗೆ ಒಪ್ಪಂದ ಮಾಡಿಕೊಂಡ ಖಾಸಗಿ ಕಂಪನಿಗಳು ದುಬಾರಿ ಶುಲ್ಕ ಪಡೆದು ನಡೆಸುತ್ತವೆ. ಜರ್ಮನಿಯ ವ್ಯವಸ್ಥೆ ಇದಕ್ಕಿಂತ ಭಿನ್ನ. ಅಲ್ಲಿ ಇದು ಸರ್ಕಾರಿ ಶಿಕ್ಷಣ ಪದ್ಧತಿಯದೇ ಒಂದು ಅಂಗ. ಅದರ ಹೆಸರು ‘ಸ್ಟುಡಿಯನ್‌ಕೊಲೆಗ್’.

ಬೋಧನಾ ಶುಲ್ಕವಿಲ್ಲದ ಪದವಿ ಎಂಬ ಆಕರ್ಷಣೆಯಿಂದ ಜರ್ಮನಿಯತ್ತ ನೋಡುವ ಕನ್ನಡ ನಾಡಿನ ವಿದ್ಯಾರ್ಥಿಗಳ ಪೈಕಿ ಹಲವರಿಗೆ ಈ ಹೆಸರು ಪರಿಚಯವಾಗುವುದು ಅರ್ಜಿ ತಿರಸ್ಕೃತವಾದ ಮೇಲೆಯೇ. ಅಷ್ಟರಲ್ಲಿ ಸಿಇಟಿ ಕೌನ್ಸೆಲಿಂಗ್ ಮುಗಿದಿರುತ್ತದೆ, ವರ್ಷವೂ ಕೈಬಿಟ್ಟಿರುತ್ತದೆ.

ಏಕೆ ಬೇಕು?

ಜರ್ಮನಿಯ ವಿದ್ಯಾರ್ಥಿ ‘ಅಬಿಟೂರ್’ ಎಂಬ ಶಾಲಾಂತ್ಯ ಪರೀಕ್ಷೆಯ ಮೂಲಕ ವಿಶ್ವವಿದ್ಯಾಲಯಕ್ಕೆ ಬರುತ್ತಾನೆ. ವಿದೇಶಿ ಪ್ರಮಾಣಪತ್ರವೊಂದು ಅದಕ್ಕೆ ಸಮಾನವೇ ಎಂಬುದನ್ನು ಅಲ್ಲಿನ ರಾಜ್ಯಗಳ ಶಿಕ್ಷಣ ಸಚಿವರ ಒಕ್ಕೂಟದ ಮಾನದಂಡಗಳು ನಿರ್ಧರಿಸುತ್ತವೆ. ‘ಅನಾಬಿನ್’ ಎಂಬ ಸಾರ್ವಜನಿಕ ದತ್ತಸಂಚಯದಲ್ಲಿ ದೇಶವಾರು ವಿವರ ಲಭ್ಯವಿದೆ. ಭಾರತದ ಹನ್ನೆರಡನೆಯ ತರಗತಿಯಿಂದ ಮಾತ್ರವೇ ನೇರ ಪ್ರವೇಶಾರ್ಹತೆ ದೊರೆಯುವುದಿಲ್ಲ. ಇಲ್ಲಿ ಪಿಯುಸಿ, ಸಿಬಿಎಸ್‌ಇ ಎಂಬ ಭೇದವೂ ಇಲ್ಲ. ಶೇ. 98 ಅಂಕ ಪಡೆದವರೂ ಈ ನಿಯಮಕ್ಕೆ ಒಳಪಟ್ಟವರೇ.

ಈ ವ್ಯವಸ್ಥೆಯ ಇತಿಹಾಸ ಸ್ವಾರಸ್ಯಕರವಾದುದು. ಜರ್ಮನಿ ಎರಡಾಗಿದ್ದ ಕಾಲದಲ್ಲಿ, 1956ರಲ್ಲಿ, ಪೂರ್ವ ಜರ್ಮನಿಯ ಲೈಪ್‌ಜಿಗ್‌ನಲ್ಲಿ ವಿದೇಶಿ ವಿದ್ಯಾರ್ಥಿಗಳಿಗಾಗಿ ಪ್ರತ್ಯೇಕ ಸಂಸ್ಥೆಯೊಂದು ಆರಂಭವಾಯಿತು. 1961ರಲ್ಲಿ ಅದಕ್ಕೆ ಚಿಂತಕ ಹೆರ್ಡರ್‌ನ ಹೆಸರಿಡಲಾಯಿತು. ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕಗಳಿಂದ ಬಂದ ಯುವಕ ಯುವತಿಯರು ಅಲ್ಲಿ ಜರ್ಮನ್ ಭಾಷೆಯನ್ನೂ ವಿಷಯಜ್ಞಾನವನ್ನೂ ಒಟ್ಟಿಗೆ ಕಲಿತು ಬೇರೆ ಬೇರೆ ವಿಶ್ವವಿದ್ಯಾಲಯಗಳಿಗೆ ತೆರಳುತ್ತಿದ್ದರು. ಪಶ್ಚಿಮ ಜರ್ಮನಿಯಲ್ಲಿಯೂ ಇಂಥದೇ ಉದ್ದೇಶದ ಸ್ಟುಡಿಯನ್‌ಕೊಲೆಗ್‌ಗಳು ಬೆಳೆದವು. ಇಂದು ಮ್ಯೂನಿಕ್, ಹ್ಯಾಂಬರ್ಗ್, ಬರ್ಲಿನ್, ಹ್ಯಾನೋವರ್, ಫ್ರಾಂಕ್‌ಫರ್ಟ್, ಹೈಡೆಲ್‌ಬರ್ಗ್, ಕಾರ್ಲ್ಸ್‌ರೂ, ಲೈಪ್‌ಜಿಗ್ ಮೊದಲಾದ ನಗರಗಳಲ್ಲಿ ಸರ್ಕಾರಿ ಸಂಸ್ಥೆಗಳಿವೆ. ಎಲ್ಲ ರಾಜ್ಯಗಳ ನೀತಿ ಒಂದೇ ಅಲ್ಲ. ಉತ್ತರ ರೈನ್-ವೆಸ್ಟ್‌ಫಾಲಿಯಾ ರಾಜ್ಯ 2010ರ ಸುಮಾರಿಗೆ ತನ್ನ ಸರ್ಕಾರಿ ಸ್ಟುಡಿಯನ್‌ಕೊಲೆಗ್‌ಗಳನ್ನು ಮುಚ್ಚಿತು.

ಐದು ಕವಲುಗಳು

ಮುಂದೆ ಓದಲಿರುವ ವಿಷಯಕ್ಕೆ ಅನುಗುಣವಾಗಿ ಕೋರ್ಸ್ ಆಯ್ಕೆಯಾಗುತ್ತದೆ. ಎಂಜಿನಿಯರಿಂಗ್, ಗಣಿತ, ಭೌತವಿಜ್ಞಾನಗಳಿಗೆ ‘ಟಿ’ ಕೋರ್ಸ್. ವೈದ್ಯಕೀಯ, ಔಷಧ ವಿಜ್ಞಾನ, ಜೀವವಿಜ್ಞಾನಗಳಿಗೆ ‘ಎಂ’ ಕೋರ್ಸ್. ವಾಣಿಜ್ಯ, ಅರ್ಥಶಾಸ್ತ್ರಗಳಿಗೆ ‘ಡಬ್ಲ್ಯೂ’ ಕೋರ್ಸ್. ಮಾನವಿಕ ವಿಷಯಗಳಿಗೆ ‘ಜಿ’, ಭಾಷಾಧ್ಯಯನಕ್ಕೆ ‘ಎಸ್’ ಕೋರ್ಸ್‌ಗಳಿವೆ. ‘ಟಿ’ ಕೋರ್ಸ್‌ನಲ್ಲಿ ತೇರ್ಗಡೆಯಾದವರು ನಂತರ ಮನಸ್ಸು ಬದಲಿಸಿ ವೈದ್ಯಕೀಯಕ್ಕೆ ಹೋಗುತ್ತೇನೆಂದರೆ ಸಾಧ್ಯವಾಗದು. ಆದ್ದರಿಂದ ಆಯ್ಕೆ ಹೊರಡುವ ಮುನ್ನವೇ ಆಗಬೇಕು.

ವ್ಯಾಸಂಗದ ಅವಧಿ ಸಾಮಾನ್ಯವಾಗಿ ಎರಡು ಸೆಮಿಸ್ಟರ್. ವಾರಕ್ಕೆ ಸುಮಾರು 30 ಗಂಟೆಗಳ ತರಗತಿ ಇರುತ್ತದೆ, ಹಾಜರಿ ಕಡ್ಡಾಯ. ಎಲ್ಲ ಕವಲುಗಳಲ್ಲಿಯೂ ಜರ್ಮನ್ ಭಾಷೆ ಪ್ರಧಾನ ವಿಷಯ. ‘ಟಿ’ ಕೋರ್ಸ್‌ನಲ್ಲಿ ಅದರೊಂದಿಗೆ ಗಣಿತ, ಭೌತವಿಜ್ಞಾನ, ಹಾಗೂ ರಸಾಯನ ವಿಜ್ಞಾನ ಅಥವಾ ಕಂಪ್ಯೂಟರ್ ವಿಜ್ಞಾನ ಇರುತ್ತವೆ. ಇಲ್ಲಿನ ಪಠ್ಯದ ಗಣಿತ ನಮ್ಮ ವಿಜ್ಞಾನ ವಿದ್ಯಾರ್ಥಿಗಳಿಗೆ ಹೊಸದೇನಲ್ಲ. ಅವಕಲನ, ಸಂಕಲನ, ಸದಿಶಗಳು ಎಲ್ಲವೂ ಪಿಯುಸಿಯಲ್ಲಿ ಓದಿದವೇ. ಕಷ್ಟ ಬೇರೆ ಕಡೆ ಇದೆ. ನಾಲ್ಕು ಉತ್ತರಗಳಲ್ಲಿ ಒಂದನ್ನು ಗುರುತಿಸುವ ಸಿಇಟಿ ಅಭ್ಯಾಸ ಇಲ್ಲಿ ನೆರವಾಗದು. ಪ್ರತಿ ಹಂತವನ್ನೂ ಬರೆದು, ಅದನ್ನು ಜರ್ಮನ್ ಭಾಷೆಯಲ್ಲಿ ವಿವರಿಸಬೇಕು. ಗೊತ್ತಿರುವ ಲೆಕ್ಕವನ್ನೇ ಗೊತ್ತಿಲ್ಲದ ಭಾಷೆಯಲ್ಲಿ ಬಿಡಿಸುವುದು ಎಂದರೂ ತಪ್ಪಾಗದು.

ಪ್ರವೇಶ ಪರೀಕ್ಷೆ ಎಂಬ ಮೊದಲ ಗಡಿ

ಸ್ಟುಡಿಯನ್‌ಕೊಲೆಗ್‌ಗೆ ಸೇರುವುದಕ್ಕೂ ಪರೀಕ್ಷೆ ಇದೆ ಎಂಬ ಸಂಗತಿಯನ್ನು ಮಧ್ಯವರ್ತಿಗಳು ಎಷ್ಟೋ ಸಲ ಒತ್ತಿ ಹೇಳುವುದಿಲ್ಲ. ಬಹುತೇಕ ಕಡೆ ವಿದ್ಯಾರ್ಥಿಯು ಮೊದಲು ವಿಶ್ವವಿದ್ಯಾಲಯವೊಂದರ ಪದವಿಗೆ ಅರ್ಜಿ ಸಲ್ಲಿಸಬೇಕು. ಪೂರ್ವಸಿದ್ಧತೆ ಅಗತ್ಯವೆಂದು ಕಂಡುಬಂದಾಗ ಆ ವಿಶ್ವವಿದ್ಯಾಲಯವೇ ಅರ್ಜಿಯನ್ನು ಸ್ಟುಡಿಯನ್‌ಕೊಲೆಗ್‌ಗೆ ಕಳುಹಿಸುತ್ತದೆ. ಅನೇಕ ವಿಶ್ವವಿದ್ಯಾಲಯಗಳ ಪರವಾಗಿ ದಾಖಲೆ ಪರಿಶೀಲಿಸುವ ಸಂಸ್ಥೆ ‘ಯೂನಿ-ಅಸಿಸ್ಟ್’. ಅದು ಒಂದು ಸೆಮಿಸ್ಟರಿನ ಮೊದಲ ಅರ್ಜಿಗೆ 75 ಯೂರೋ, ನಂತರದ ಪ್ರತಿ ಅರ್ಜಿಗೆ 30 ಯೂರೋ ಪಡೆಯುತ್ತ ಬಂದಿದೆ. ಚಳಿಗಾಲದ ಸೆಮಿಸ್ಟರಿಗೆ ಜುಲೈ 15 ಸಾಮಾನ್ಯ ಕೊನೆಯ ದಿನವಾದರೂ, ಹಲವು ಸ್ಟುಡಿಯನ್‌ಕೊಲೆಗ್‌ಗಳ ಗಡುವು ಅದಕ್ಕೂ ಬಹಳ ಮುಂಚೆಯೇ ಮುಗಿಯುತ್ತದೆ.

ಪರೀಕ್ಷೆಗೆ ಕುಳಿತುಕೊಳ್ಳಲು ಜರ್ಮನ್ ಭಾಷೆಯ ಬಿ1 ಮಟ್ಟ ಕನಿಷ್ಠ. ಬಿ2 ಕೇಳುವ ಸಂಸ್ಥೆಗಳೂ ಇವೆ. ಪ್ರಶ್ನೆಪತ್ರಿಕೆಯ ಭಾಷಾ ಭಾಗದಲ್ಲಿ ಪದಗಳ ಉತ್ತರಾರ್ಧವನ್ನು ಅಳಿಸಿದ ಗದ್ಯಭಾಗ ಕೊಟ್ಟು ತುಂಬಿಸಲು ಹೇಳುವ ‘ಸಿ-ಟೆಸ್ಟ್’ ಹಲವೆಡೆ ಬಳಕೆಯಲ್ಲಿದೆ. ವ್ಯಾಕರಣ ಬಾಯಿಪಾಠ ಮಾಡಿದವರಿಗಿಂತ ಓದುವ ಅಭ್ಯಾಸವಿದ್ದವರಿಗೆ ಇದು ಸುಲಭ. ‘ಟಿ’, ‘ಎಂ’, ‘ಡಬ್ಲ್ಯೂ’ ಕೋರ್ಸ್‌ಗಳಿಗೆ ಗಣಿತ ಪರೀಕ್ಷೆಯೂ ಇರುತ್ತದೆ. ಸೀಟುಗಳು ಕಡಿಮೆ, ಅಭ್ಯರ್ಥಿಗಳು ಹೆಚ್ಚು.

ಶೂನ್ಯದಿಂದ ಬಿ1 ಮುಟ್ಟಲು ಕ್ರಮಬದ್ಧವಾಗಿ ಕಲಿತರೂ ಹಲವು ತಿಂಗಳು ಬೇಕು. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನ, ಅಂದರೆ ಗೊಯಟೆ ಸಂಸ್ಥೆ, ಎ1ರಿಂದ ಮೇಲಿನ ಹಂತಗಳವರೆಗೆ ತರಗತಿ ಹಾಗೂ ಪರೀಕ್ಷೆಗಳನ್ನು ನಡೆಸುತ್ತದೆ. ಪಿಯುಸಿ ಪರೀಕ್ಷೆ ಮುಗಿದ ಏಪ್ರಿಲ್‌ನಲ್ಲಿ ಭಾಷೆ ಕಲಿಯಲು ಆರಂಭಿಸಿ ಅದೇ ವರ್ಷದ ಸೆಪ್ಟೆಂಬರ್‌ಗೆ ವಿಮಾನ ಹತ್ತುವ ಯೋಜನೆ ಕಾಗದದ ಮೇಲೆ ಮಾತ್ರ ಸುಂದರ. ಪ್ರಥಮ ಪಿಯುಸಿಯಿಂದಲೇ ಭಾಷಾಭ್ಯಾಸ ಆರಂಭಿಸಿದವರಿಗೆ ಮಾತ್ರ ವರ್ಷ ಉಳಿಯುತ್ತದೆ.

ಕೊನೆಯ ಪರೀಕ್ಷೆ ಮತ್ತು ಅದರ ಬೆಲೆ

ವರ್ಷಾಂತ್ಯದ ಪರೀಕ್ಷೆಗೆ ‘ಫೆಸ್ಟ್‌ಷ್ಟೆಲುಂಗ್ಸ್‌ಪ್ರ್ಯೂಫುಂಗ್’ ಎಂದು ಹೆಸರು. ಅರ್ಹತಾ ನಿರ್ಣಯ ಪರೀಕ್ಷೆ ಎಂದು ಕರೆಯಬಹುದು. ಜರ್ಮನ್ ಪದ್ಧತಿಯಲ್ಲಿ 1 ಅತ್ಯುತ್ತಮ, 4 ತೇರ್ಗಡೆಯ ಕೊನೆಯ ಗೆರೆ. ತೇರ್ಗಡೆಯಾದವರು ತಮ್ಮ ವಿಷಯ ಗುಂಪಿನ ಪದವಿಗಳಿಗೆ ದೇಶದ ಬೇರೆ ರಾಜ್ಯಗಳಲ್ಲಿಯೂ ಅರ್ಜಿ ಹಾಕಬಹುದು. ಇದರ ಜರ್ಮನ್ ಪತ್ರಿಕೆಯಲ್ಲಿ ಉತ್ತೀರ್ಣರಾದವರಿಗೆ ಪ್ರತ್ಯೇಕ ಭಾಷಾ ಪರೀಕ್ಷೆಯ ಅಗತ್ಯವೂ ಸಾಮಾನ್ಯವಾಗಿ ಇರುವುದಿಲ್ಲ. ಪ್ರವೇಶದ ವೇಳೆ ಪಿಯುಸಿ ಅಂಕ ಮತ್ತು ಈ ಪರೀಕ್ಷೆಯ ಅಂಕ ಎರಡನ್ನೂ ಸೇರಿಸಿ ಸರಾಸರಿ ತೆಗೆಯುವುದು ರೂಢಿ. ಹೀಗಾಗಿ ಕಡಿಮೆ ಪಿಯುಸಿ ಅಂಕದ ಕೊರತೆಯನ್ನು ಇಲ್ಲಿ ಸ್ವಲ್ಪಮಟ್ಟಿಗೆ ತುಂಬಿಕೊಳ್ಳಲು ಸಾಧ್ಯ.

ಅನುತ್ತೀರ್ಣರಾದವರಿಗೆ ಪುನಃ ಬರೆಯಲು ಒಂದೇ ಅವಕಾಶ. ಅದೂ ಕೈತಪ್ಪಿದರೆ ಪದವಿಯ ದಾರಿ ಮುಚ್ಚುತ್ತದೆ, ವಾಸದ ಪರವಾನಗಿಯ ಆಧಾರವೂ ಕುಸಿಯುತ್ತದೆ. ಇಪ್ಪತ್ತರ ವಯಸ್ಸಿನಲ್ಲಿ ಹಿಂದಿರುಗುವ ವಿದ್ಯಾರ್ಥಿಯ ಬಳಿ ಭಾಷಾ ಪ್ರಮಾಣಪತ್ರದ ಹೊರತು ಬೇರೇನೂ ಇರುವುದಿಲ್ಲ.

ವೈದ್ಯಕೀಯ ಆಕಾಂಕ್ಷಿಗಳು ಇನ್ನೂ ಎಚ್ಚರದಿಂದಿರಬೇಕು. ‘ಎಂ’ ಕೋರ್ಸ್ ಪಾಸಾದರೆ ವೈದ್ಯಕೀಯ ಸೀಟು ಸಿಕ್ಕಿತೆಂದು ಅರ್ಥವಲ್ಲ. ಐರೋಪ್ಯ ಒಕ್ಕೂಟದ ಹೊರಗಿನವರಿಗೆ ಮೀಸಲಾದ ಪಾಲು ಶೇ. 5ರಷ್ಟು ಮಾತ್ರ. ಭಾರತಕ್ಕೆ ಮರಳಿ ವೃತ್ತಿ ನಡೆಸುವ ಆಲೋಚನೆ ಇದ್ದರೆ ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನಿಯಮಾವಳಿಯನ್ನು ಓದಲೇಬೇಕು. ವಿದೇಶಿ ವೈದ್ಯಕೀಯ ಪದವಿಯ ಬೋಧನಾ ಮಾಧ್ಯಮ ಇಂಗ್ಲಿಷ್ ಆಗಿರಬೇಕೆಂದು ಅದು ಹೇಳುತ್ತದೆ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳು ವೈದ್ಯಕೀಯವನ್ನು ಬೋಧಿಸುವುದು ಜರ್ಮನ್ ಭಾಷೆಯಲ್ಲಿ. ಏಳೆಂಟು ವರ್ಷಗಳ ನಂತರ ಎದುರಾಗಬಹುದಾದ ಈ ತೊಡಕಿನ ಪ್ರಸ್ತಾಪ ಪ್ರಚಾರ ಪತ್ರಗಳಲ್ಲಿ ಕಾಣಸಿಗುವುದು ಅಪರೂಪ.

ಉಚಿತವೇ?

ಸರ್ಕಾರಿ ಸ್ಟುಡಿಯನ್‌ಕೊಲೆಗ್‌ಗಳಲ್ಲಿ ಸಾಮಾನ್ಯವಾಗಿ ಬೋಧನಾ ಶುಲ್ಕವಿಲ್ಲ. ಪ್ರತಿ ಸೆಮಿಸ್ಟರಿಗೆ ಕೆಲವು ನೂರು ಯೂರೋಗಳ ವಂತಿಗೆ ಇರುತ್ತದೆ. ಖಾಸಗಿ ಸಂಸ್ಥೆಗಳು ವರ್ಷಕ್ಕೆ ಸಾವಿರಾರು ಯೂರೋ ವಸೂಲು ಮಾಡುತ್ತವೆ. ಖಾಸಗಿಯೆಂದ ಮಾತ್ರಕ್ಕೆ ಕಳಪೆಯೆಂದಲ್ಲ. ಆದರೆ ಸರ್ಕಾರಿ ಮಾನ್ಯತೆ ಇಲ್ಲದ ಸಂಸ್ಥೆ ಸ್ವತಃ ಅರ್ಹತಾ ನಿರ್ಣಯ ಪರೀಕ್ಷೆ ನಡೆಸಲಾರದು. ಅದರ ವಿದ್ಯಾರ್ಥಿ ಬಾಹ್ಯ ಅಭ್ಯರ್ಥಿಯಾಗಿ ಬೇರೆಡೆ ಪರೀಕ್ಷೆ ಬರೆಯಬೇಕು. ಹಣ ಕಟ್ಟುವ ಮುನ್ನ ಪೋಷಕರು ಕೇಳಬೇಕಾದ ಪ್ರಶ್ನೆ ಹಾಸ್ಟೆಲ್ ಸೌಕರ್ಯದ ಬಗೆಗಲ್ಲ, ಪರೀಕ್ಷೆಯನ್ನು ಯಾರು ನಡೆಸುತ್ತಾರೆ, ಪ್ರಮಾಣಪತ್ರದ ಮೇಲೆ ಯಾರ ಮೊಹರು ಇರುತ್ತದೆ ಎಂಬುದರ ಬಗೆಗೆ.

ನಿಜವಾದ ಖರ್ಚು ಜೀವನ ನಿರ್ವಹಣೆಯದು. ವಿದ್ಯಾರ್ಥಿ ವೀಸಾಕ್ಕಾಗಿ ‘ಬ್ಲಾಕ್ಡ್ ಅಕೌಂಟ್’ ಎಂಬ ನಿರ್ಬಂಧಿತ ಖಾತೆಯಲ್ಲಿ ಇಡಬೇಕಾದ ಮೊತ್ತವನ್ನು 2024ರ ಸೆಪ್ಟೆಂಬರ್‌ನಲ್ಲಿ ವರ್ಷಕ್ಕೆ 11,904 ಯೂರೋಗೆ ಏರಿಸಲಾಯಿತು. ಅಂದರೆ ತಿಂಗಳಿಗೆ 992 ಯೂರೋ ಮಾತ್ರ ಹಿಂಪಡೆಯಬಹುದು. ಮ್ಯೂನಿಕ್‌ನಂಥ ನಗರದಲ್ಲಿ ಬಾಡಿಗೆಯೇ ಇದರ ದೊಡ್ಡ ಪಾಲನ್ನು ನುಂಗುತ್ತದೆ. ಪದವಿ ಹಂತದಲ್ಲಿಯೂ ಎಲ್ಲೆಡೆ ಉಚಿತವೆಂಬುದು ಹಳೆಯ ಮಾತು. ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯ 2017ರ ಚಳಿಗಾಲದಿಂದ ಐರೋಪ್ಯ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ಶುಲ್ಕ ವಿಧಿಸಿತು. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯವೂ 2024ರ ಚಳಿಗಾಲದಿಂದ ಶುಲ್ಕ ಆರಂಭಿಸಿತು.

ಇದಲ್ಲದೆ 2022ರ ನವೆಂಬರ್ 1ರಿಂದ ಭಾರತೀಯ ವಿದ್ಯಾರ್ಥಿಗಳು ವೀಸಾ ಅರ್ಜಿಯೊಂದಿಗೆ ‘ಎಪಿಎಸ್’ ಪ್ರಮಾಣಪತ್ರ ಸಲ್ಲಿಸುವುದು ಕಡ್ಡಾಯವಾಯಿತು. ಅಂಕಪಟ್ಟಿಗಳ ನೈಜತೆಯನ್ನು ದೃಢೀಕರಿಸುವ ಈ ಕೇಂದ್ರ ದೆಹಲಿಯಲ್ಲಿದೆ. ನಕಲಿ ದಾಖಲೆಗಳ ಹಾವಳಿ ತಡೆಯಲು ಬಂದ ಕ್ರಮವಾದರೂ, ಪ್ರಾಮಾಣಿಕ ವಿದ್ಯಾರ್ಥಿಯ ವೇಳಾಪಟ್ಟಿಗೂ ಕೆಲವು ವಾರಗಳು ಸೇರಿಕೊಂಡಿವೆ.

ಬಳಸುದಾರಿಗಳು

ಸ್ಟುಡಿಯನ್‌ಕೊಲೆಗ್ ಇಲ್ಲದೆಯೂ ಹೋಗುವ ದಾರಿಗಳಿವೆ. ಜೆಇಇ ಅಡ್ವಾನ್ಸ್ಡ್ ಪರೀಕ್ಷೆಯಲ್ಲಿ ಅರ್ಹತೆ ಪಡೆದವರಿಗೆ ತಾಂತ್ರಿಕ ವಿಷಯಗಳಲ್ಲಿ ನೇರ ಪ್ರವೇಶಕ್ಕೆ ಅವಕಾಶವಿದೆ. ಭಾರತದ ಮಾನ್ಯತೆ ಪಡೆದ ವಿಶ್ವವಿದ್ಯಾಲಯದಲ್ಲಿ ಪದವಿಯ ಮೊದಲ ವರ್ಷವನ್ನು ಯಶಸ್ವಿಯಾಗಿ ಮುಗಿಸಿದವರು ಅದೇ ವಿಷಯ ಕ್ಷೇತ್ರದಲ್ಲಿ ಅರ್ಜಿ ಸಲ್ಲಿಸಬಹುದು. ಅಂತಿಮ ತೀರ್ಮಾನ ಆಯಾ ವಿಶ್ವವಿದ್ಯಾಲಯದ್ದು.

ಈ ಎರಡನೆಯ ದಾರಿ ಮಧ್ಯಮ ವರ್ಗದ ಕುಟುಂಬಗಳಿಗೆ ಹೆಚ್ಚು ಸೂಕ್ತವೆನಿಸುತ್ತದೆ. ಮನೆಯಲ್ಲಿದ್ದು ಬಿಎಸ್‌ಸಿ ಅಥವಾ ಬಿಇ ಮೊದಲ ವರ್ಷ ಓದುತ್ತ, ಸಂಜೆ ವೇಳೆ ಜರ್ಮನ್ ಕಲಿತರೆ ಹನ್ನೆರಡು ಸಾವಿರ ಯೂರೋ ಉಳಿಯುತ್ತದೆ. ಜರ್ಮನಿಗೆ ಹೋಗುವುದು ತಪ್ಪಿದರೂ ಇಲ್ಲಿನ ಎರಡನೆಯ ವರ್ಷ ಕಾದಿರುತ್ತದೆ. ಆದರೆ ಸ್ಟುಡಿಯನ್‌ಕೊಲೆಗ್‌ನ ಲಾಭವನ್ನು ಅಲ್ಲಗಳೆಯಲಾಗದು. ಅಲ್ಲಿ ವರ್ಷ ಕಳೆದವರು ಉಪನ್ಯಾಸ ಕೊಠಡಿಗೆ ಕಾಲಿಡುವಾಗ ಪ್ರಾಧ್ಯಾಪಕರ ಮಾತು ಅರ್ಥವಾಗುತ್ತದೆ, ಟಿಪ್ಪಣಿ ಬರೆದುಕೊಳ್ಳಲು ಬರುತ್ತದೆ. ನೇರವಾಗಿ ಹೋದವರಲ್ಲಿ ಬಿ2 ಅಥವಾ ಸಿ1 ಪ್ರಮಾಣಪತ್ರ ಕೈಯಲ್ಲಿದ್ದೂ ಮೊದಲ ಸೆಮಿಸ್ಟರಿನಲ್ಲಿ ತಡವರಿಸುವವರು ಕಡಿಮೆಯೇನಲ್ಲ. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಇಂಗ್ಲಿಷ್ ಮಾಧ್ಯಮದ ಸ್ನಾತಕ ಪದವಿಗಳು ಇನ್ನೂ ಕೆಲವೇ. ಸ್ನಾತಕೋತ್ತರ ಹಂತದಲ್ಲಿ ಅವು ಧಾರಾಳವಾಗಿವೆ. ಭಾಷೆಯತ್ತ ಒಲವಿಲ್ಲದ ವಿದ್ಯಾರ್ಥಿ ಇಲ್ಲಿಯೇ ಪದವಿ ಪೂರೈಸಿ ಆಮೇಲೆ ಹೊರಡುವುದು ಕ್ಷೇಮ.

ಅರ್ಜಿ ಹಾಕುವವರು ಮೊದಲು ಅನಾಬಿನ್‌ನಲ್ಲಿ ತಮ್ಮ ಪ್ರಮಾಣಪತ್ರ ಮತ್ತು ವಿಷಯಗಳ ಸ್ಥಿತಿಯನ್ನು ನೋಡಿಕೊಳ್ಳಬೇಕು. ಜರ್ಮನ್ ಶೈಕ್ಷಣಿಕ ವಿನಿಮಯ ಸೇವೆಯ (ಡಾಡ್) ಜಾಲತಾಣದಲ್ಲಿಯೂ ಪ್ರವೇಶಾರ್ಹತೆಯ ಮಾಹಿತಿ ಉಚಿತವಾಗಿ ದೊರೆಯುತ್ತದೆ. ನಂತರ ಆಯ್ದ ಸ್ಟುಡಿಯನ್‌ಕೊಲೆಗ್ ಪ್ರಕಟಿಸಿರುವ ಹಳೆಯ ಗಣಿತ ಮತ್ತು ಭಾಷಾ ಮಾದರಿ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಬಿಡಿಸಿ ನೋಡಬೇಕು. ಮಧ್ಯವರ್ತಿಗೆ ಮುಂಗಡ ಕೊಡುವ ವಿಚಾರ ಅದಾದ ಮೇಲೆ.