ದಸರಾ ಕಂಠೀರವ: ಒಂದು ಗದೆಯ ಹಿಂದಿನ ಕತೆ

ದಸರಾ ಎಂದರೆ ಟಿವಿಯವರಿಗೆ ಅಂಬಾರಿ, ದೀಪಾಲಂಕಾರ, ಯುವ ದಸರಾ. ಆದರೆ ಸುತ್ತಲಿನ ಹಳ್ಳಿಗಳಿಂದ ಬೆಳಗಿನ ಬಸ್ಸು ಹಿಡಿದು ಬರುವ ಒಂದು ಗುಂಪಿಗೆ ಅದ್ಯಾವುದೂ ಬೇಡ. ಅವರು ನೇರವಾಗಿ ವಸ್ತುಪ್ರದರ್ಶನ ಮೈದಾನದ ಬಳಿಯ ಡಿ. ದೇವರಾಜ ಅರಸು ವಿವಿಧೋದ್ದೇಶ ಕ್ರೀಡಾಂಗಣಕ್ಕೆ ಹೋಗಿ ಕೂರುತ್ತಾರೆ. ಅವರು ಬಂದಿರುವುದು ಕುಸ್ತಿ ನೋಡಲು.

ದಸರಾ ಕುಸ್ತಿಯಲ್ಲಿ ಗೆದ್ದವರಿಗೆ ಬಿರುದುಗಳಿವೆ. ದಸರಾ ಕಂಠೀರವ, ದಸರಾ ಕೇಸರಿ, ದಸರಾ ಕುಮಾರ, ಹೆಣ್ಣುಮಕ್ಕಳಿಗೆ ದಸರಾ ಕಿಶೋರಿ. ಒಲಿಂಪಿಕ್ಸ್ ಪದಕದ ಮುಂದೆ ಇವು ಚಿಕ್ಕವು ಅನ್ನಿಸಬಹುದು. ಆದರೆ ಗದೆ ಹೆಗಲ ಮೇಲಿಟ್ಟುಕೊಂಡು ಊರಿಗೆ ಬರುವ ಹುಡುಗನಿಗೆ ಅದು ಚಿಕ್ಕದಲ್ಲ, ಅವನ ಊರಿಗೂ ಅಲ್ಲ. ಈ ಬಿರುದುಗಳ ಹಿಂದೆ ಏನಿದೆ ಎಂದು ಇವತ್ತು ನೋಡೋಣ.

ಮೊದಲು ಹೆಸರು. ಕಂಠೀರವ ಅಂದರೆ ಸಿಂಹ. ಕೇಸರಿ ಅಂದರೂ ಸಿಂಹವೇ! ಆದರೂ ಕಂಠೀರವ ಎಂದೊಡನೆ ಮೈಸೂರಿನವರಿಗೆ ನೆನಪಾಗುವುದು ಒಬ್ಬ ಅರಸ: 1638ರಿಂದ 1659ರವರೆಗೆ ಆಳಿದ ರಣಧೀರ ಕಂಠೀರವ ನರಸರಾಜ ಒಡೆಯರ್. ಪಟ್ಟಕ್ಕೆ ಬರುವ ಮೊದಲು ಇವರು ತೆರಕಣಾಂಬಿಯಲ್ಲಿದ್ದರು. ಆಗಿನದೊಂದು ಕತೆಯನ್ನು ಹಿರಿಯರು ಈಗಲೂ ಹೇಳುತ್ತಾರೆ. ತಿರುಚಿನಾಪಳ್ಳಿಯಲ್ಲಿ ಒಬ್ಬ ಜಟ್ಟಿ ತನ್ನ ಚಲ್ಲಣವನ್ನು ಊರ ಬಾಗಿಲಿಗೆ ಕಟ್ಟಿದ್ದನಂತೆ. ತನ್ನನ್ನು ಗೆಲ್ಲಲಾಗದವರು ಅದರ ಕೆಳಗೇ ನುಸುಳಿ ಹೋಗಬೇಕು ಎಂಬ ಸೊಕ್ಕು. ನರಸರಾಜರು ವೇಷ ಮರೆಸಿಕೊಂಡು ಹೋಗಿ, ಅವನನ್ನು ಮುಗಿಸಿ, ಹೆಸರು ಹೇಳದೆ ವಾಪಸು ಬಂದರಂತೆ. 1960ರಲ್ಲಿ ರಾಜ್‌ಕುಮಾರ್ ಅಭಿನಯದ 'ರಣಧೀರ ಕಂಠೀರವ' ಸಿನಿಮಾ ಬಂದ ಮೇಲೆ ಈ ಅರಸನ ಹೆಸರು ಹಳ್ಳಿಹಳ್ಳಿಗೂ ಮುಟ್ಟಿತು.

ಆದರೆ ಹಬ್ಬಕ್ಕೂ ಕುಸ್ತಿಗೂ ನಂಟು ಇದಕ್ಕಿಂತ ಹಳೆಯದು. 1520ರ ಸುಮಾರಿಗೆ ವಿಜಯನಗರದ ಮಹಾನವಮಿ ನೋಡಿದ ಪೋರ್ಚುಗಲ್ಲಿನ ಪೇಸ್, ಅರಸನ ಮುಂದೆ ಜಟ್ಟಿಗಳು ಹಲ್ಲು ಉದುರುವಂತೆ ಕಾದಾಡಿದ್ದನ್ನು ಬರೆದಿದ್ದಾನೆ. ಅವನ ನಂತರ ಬಂದ ನುನಿಜ್ ಎಂಬವನು, ಅರಸನ ಬಳಿ ಕುಸ್ತಿ ಆಡುವ ಹೆಂಗಸರೂ ಇದ್ದರು ಎಂದಿದ್ದಾನೆ. 1610ರಲ್ಲಿ ರಾಜ ಒಡೆಯರ್ ಶ್ರೀರಂಗಪಟ್ಟಣದಲ್ಲಿ ದಸರಾ ಆರಂಭಿಸಿದಾಗ ವಿಜಯನಗರದ ಈ ಸಂಪ್ರದಾಯ ನಮ್ಮ ಕಡೆಗೆ ಬಂತು.

ಅದರ ತುಣುಕೊಂದು ಇವತ್ತಿಗೂ ಇದೆ. ವಿಜಯದಶಮಿಯ ದಿನ ಅರಮನೆಯೊಳಗೆ ವಜ್ರಮುಷ್ಟಿ ಕಾಳಗ ನಡೆಯುತ್ತದೆ. ತಲೆ ಬೋಳಿಸಿಕೊಂಡ ಜಟ್ಟಿಗಳು ಕೈಗೆ ಚೂಪಾದ ಆಯುಧ ಹಾಕಿಕೊಂಡು ಎದುರು ನಿಲ್ಲುತ್ತಾರೆ. ಒಬ್ಬರ ತಲೆಯಲ್ಲಿ ರಕ್ತ ಚಿಮ್ಮಿತೋ, ಕಾಳಗ ಮುಗಿಯಿತು. ಅದು ಸೇವೆ, ಸ್ಪರ್ಧೆಯಲ್ಲ. ಅಲ್ಲಿ ಕಂಠೀರವನೂ ಇಲ್ಲ, ಕೇಸರಿಯೂ ಇಲ್ಲ.

1971ರಲ್ಲಿ ರಾಜಧನ ರದ್ದಾಯಿತು. ದಸರಾ ಸರ್ಕಾರ ನಡೆಸುವ ನಾಡಹಬ್ಬವಾಯಿತು. ಕುಸ್ತಿಗೆ ಅರಸನ ಜಾಗದಲ್ಲಿ ಸಮಿತಿ ಬಂತು. ಈಗ ಹಬ್ಬಕ್ಕೆ ಮೊದಲೇ ಪೈಲ್ವಾನರನ್ನು ಕರೆಸಿ, ಮೈಕಟ್ಟು, ತೂಕ, ಅನುಭವ ನೋಡಿ ಜೋಡಿ ಕಟ್ಟುತ್ತಾರೆ. ನಾಡಕುಸ್ತಿಯೂ ಇದೆ, ಪಾಯಿಂಟ್ ಕುಸ್ತಿಯೂ ಇದೆ. ಹಬ್ಬ ಮುಗಿದ ಮೇಲೂ ದೊಡ್ಡಕೆರೆ ಮೈದಾನದ ಸಾಹುಕಾರ್ ಚನ್ನಯ್ಯ ಅಖಾಡದಲ್ಲಿ ಪಂದ್ಯಗಳು ನಡೆಯುತ್ತವೆ.

ಸಿಂಹದ ಹೆಸರಿನ ಬಿರುದು ಕೊಡುವುದು ಮೈಸೂರಿನವರು ಮಾತ್ರ ಅಲ್ಲ. ದೇಶಮಟ್ಟದಲ್ಲಿ ಹಿಂದ್ ಕೇಸರಿ 1958ರಲ್ಲಿ ಶುರುವಾಯಿತು. ಮರುವರ್ಷವೇ ಅದನ್ನು ಗೆದ್ದವರು ಬೆಳಗಾವಿ ಜಿಲ್ಲೆಯ ಯಕ್ಸಂಬಾದಲ್ಲಿ ಹುಟ್ಟಿ ಕೊಲ್ಹಾಪುರದಲ್ಲಿ ಬೆಳೆದ ಶ್ರೀಪತಿ ಖಂಚನಾಳೆ. ಹಳ್ಳಿಯ ಮಟ್ಟಿಯಿಂದ ದೇಶದ ಗದೆಯವರೆಗೆ ದಾರಿ ಇತ್ತು ಎನ್ನುವುದಕ್ಕೆ ಅವರೇ ಸಾಕ್ಷಿ.

ಆದರೆ ಆ ದಾರಿ ಒಂದು ಕಡೆ ಕವಲೊಡೆಯುತ್ತದೆ. ಗರಡಿಯ ಕೆಮ್ಮಣ್ಣಿನಲ್ಲಿ ಎದುರಾಳಿಯ ಬೆನ್ನು ನೆಲಕ್ಕೆ ತಾಗಿಸಿ ಚಿತ್ ಮಾಡಿದರೆ ಗೆಲುವು. ಮ್ಯಾಟ್ ಮೇಲೆ ನಿಮಿಷ, ಪಾಯಿಂಟುಗಳ ಲೆಕ್ಕ. ಮಹಾರಾಷ್ಟ್ರದ ಖಾಶಾಬಾ ಜಾಧವ್ ಮಣ್ಣಿನಲ್ಲಿ ಕಲಿತವರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮ್ಯಾಟ್ ರೂಢಿಯಿಲ್ಲದೆಯೂ ಆರನೆಯವರಾದರು. ಪಟ್ಟು ಬಿಡದೆ ಅಭ್ಯಾಸ ಮಾಡಿ 1952ರಲ್ಲಿ ಹೆಲ್ಸಿಂಕಿಯಲ್ಲಿ ಕಂಚು ತಂದರು. ಸ್ವತಂತ್ರ ಭಾರತಕ್ಕೆ ಅದೇ ಮೊದಲ ವೈಯಕ್ತಿಕ ಪದಕ. ಮಣ್ಣು ಕಲಿಸಿದ್ದು ವ್ಯರ್ಥವಲ್ಲ, ಆದರೆ ಅದೊಂದೇ ಸಾಲದು ಎಂಬುದು ಇದರ ಪಾಠ. ನಮ್ಮ ಹಳ್ಳಿಯ ಹುಡುಗರ ಮುಂದೆ ಇವತ್ತಿಗೂ ಇರುವುದು ಇದೇ ಕವಲು.

ಹೆಣ್ಣುಮಕ್ಕಳ ವಿಷಯವನ್ನೂ ಹೇಳಲೇಬೇಕು. ಬಹಳಷ್ಟು ಗರಡಿಗಳ ಹೊಸ್ತಿಲು ಅವರಿಗೆ ಮುಚ್ಚಿಯೇ ಇತ್ತು. ದಸರಾ ಕಿಶೋರಿ ಬಂದಾಗ ಕೆಲವರು ಹುಬ್ಬೇರಿಸಿ, ಇದೇನು ಹೊಸ ಪದ್ಧತಿ ಎಂದರು. ನುನಿಜ್ ಬರೆದದ್ದನ್ನು ಓದಿದರೆ ಅದು ಹೊಸದಲ್ಲ, ನಡುವೆ ನಾವೇ ಮರೆತದ್ದು ಎಂದು ಗೊತ್ತಾಗುತ್ತದೆ.

ಬಿರುದು ಕೊಡುವವರು ಬದಲಾಗಿದ್ದಾರೆ. ಅರಮನೆ ಹೋಗಿ ಸರ್ಕಾರ ಬಂದಿದೆ. ಬದಲಾಗದೆ ಉಳಿದದ್ದು ಒಂದೇ: ನಸುಕಿಗೇ ಎದ್ದು ಸಾಮು ಮಾಡುವ ಹುಡುಗ, ಮತ್ತು ಅವನ ಹಾಲು, ತುಪ್ಪ, ಬಾದಾಮಿಗೆ ದುಡ್ಡು ಹೊಂದಿಸುವ ಮನೆಯವರು. ಗದೆಯಲ್ಲಿ ಅವರದೂ ಪಾಲಿದೆ.

ಕೊನೆಗೊಂದು ಮನವಿ. ನಿಮ್ಮೂರಿನಲ್ಲಿ ದಸರಾದಲ್ಲಿ ಗೆದ್ದ ಹಿರಿಯ ಪೈಲ್ವಾನರಿದ್ದರೆ ಒಂದು ಸಂಜೆ ಅವರ ಜಗಲಿಯ ಮೇಲೆ ಕೂತು ಮಾತಾಡಿಸಿ. ಯಾವ ವರ್ಷ, ಯಾರ ಮೇಲೆ, ಯಾವ ಪಟ್ಟು ಹಾಕಿ ಗೆದ್ದರು ಎಂದು ಕೇಳಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಗದೆ ಅಟ್ಟದ ಮೇಲೆ ಎಷ್ಟು ವರ್ಷ ಬೇಕಾದರೂ ಇರುತ್ತದೆ. ಗೆದ್ದವರ ನೆನಪು ಅಷ್ಟು ದಿನ ಕಾಯುವುದಿಲ್ಲ.