ಎಕ್ಸ್‌ರೇಯಿಂದ 3ಡಿ ಮಾದರಿ: ಮನೆಯ ಕಂಪ್ಯೂಟರಿನಲ್ಲೇ ನೋಡಬಹುದೇ?

“ನಿಮ್ಮ ಎಕ್ಸ್‌ರೇ ಫಿಲ್ಮಿನ ಫೋಟೋ ತೆಗೆದು ಈ ಆ್ಯಪ್‌ಗೆ ಹಾಕಿ, ಮೂಳೆಗಳು 3ಡಿಯಲ್ಲಿ ಕಾಣುತ್ತವೆ” ಎನ್ನುವಂಥ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಇದರಲ್ಲಿ ಅರ್ಧ ಸುಳ್ಳು, ಅರ್ಧ ನಿಜ. ಒಂದೇ ಒಂದು ಎಕ್ಸ್‌ರೇ ಫೋಟೋದಿಂದ ನಿಮ್ಮ ಮೂಳೆಯ ನಿಜವಾದ 3ಡಿ ಮಾದರಿ ಸಿಗುವುದಿಲ್ಲ. ಆದರೆ ಸಿಟಿ ಸ್ಕ್ಯಾನ್ ಮಾಡಿಸಿದಾಗ ಸಿಗುವ ಸಿ.ಡಿ.ಯಿಂದ ಅಂಥ ಮಾದರಿಯನ್ನು ಮನೆಯಲ್ಲೇ, ಉಚಿತವಾಗಿ ಮಾಡಬಹುದು. ಅದನ್ನು ಎಷ್ಟರ ಮಟ್ಟಿಗೆ ನಂಬಬಹುದು ಎನ್ನುವುದೇ ಮುಖ್ಯ ಪ್ರಶ್ನೆ.

ಒಂದು ಎಕ್ಸ್‌ರೇ ಏಕೆ ಸಾಲದು?

ಎಕ್ಸ್‌ರೇ ಚಿತ್ರವೆಂದರೆ ಒಂದು ನೆರಳು. ದೀಪದ ಮುಂದೆ ಚೆಂಡು ಹಿಡಿದರೂ ತಟ್ಟೆ ಹಿಡಿದರೂ ಗೋಡೆಯ ಮೇಲೆ ಬೀಳುವುದು ದುಂಡು ನೆರಳೇ. ನೆರಳನ್ನು ನೋಡಿ ವಸ್ತು ಎಷ್ಟು ದಪ್ಪ ಎಂದು ಹೇಳಲಾಗದು. 1895ರಲ್ಲಿ ರಾಂಟ್‌ಜೆನ್ ತಮ್ಮ ಪತ್ನಿಯ ಕೈಯ ಎಕ್ಸ್‌ರೇ ತೆಗೆದ ದಿನದಿಂದಲೂ ಈ ಮಿತಿ ಇದ್ದೇ ಇದೆ. ಎದೆಯ ಎಕ್ಸ್‌ರೇಯಲ್ಲಿ ಮುಂದಿನ ಪಕ್ಕೆಲುಬು, ಹೃದಯ, ಬೆನ್ನೆಲುಬು ಎಲ್ಲವೂ ಒಂದರ ಮೇಲೊಂದು ಬಿದ್ದಿರುತ್ತವೆ.

ನೆರಳು ದಾರಿ ತಪ್ಪಿಸಿದ್ದಕ್ಕೆ ಈಜಿಪ್ಟಿನ ರಾಜ ಟುಟಾಂಖಾಮನ್‌ನ ಮಮ್ಮಿಯೇ ಉದಾಹರಣೆ. 1968ರಲ್ಲಿ ಅದರ ಎಕ್ಸ್‌ರೇ ತೆಗೆದಾಗ ತಲೆಬುರುಡೆಯೊಳಗೆ ಮೂಳೆಯ ಚೂರುಗಳು ಕಂಡವು. ತಲೆಗೆ ಹೊಡೆದು ರಾಜನನ್ನು ಕೊಂದಿದ್ದಾರೆ ಎಂಬ ಊಹೆ ಹಬ್ಬಿತು. 2005ರಲ್ಲಿ ಸಿಟಿ ಸ್ಕ್ಯಾನ್ ಮಾಡಿ ಸುಮಾರು 1,700 ಚಿತ್ರಗಳನ್ನು ಪರೀಕ್ಷಿಸಿದ ಮೇಲೆ, ತಲೆಗೆ ಪೆಟ್ಟು ಬಿದ್ದು ಸತ್ತದ್ದಕ್ಕೆ ಪುರಾವೆ ಇಲ್ಲ ಎಂದು ತಜ್ಞರು ತಿಳಿಸಿದರು.

ಸಿಟಿ ಸ್ಕ್ಯಾನ್ ಹೇಗೆ ಬೇರೆ?

ಸಿಟಿಯಲ್ಲೂ ಬಳಸುವುದು ಎಕ್ಸ್‌ರೇ ಕಿರಣಗಳನ್ನೇ. ಆದರೆ ಇಲ್ಲಿ ಕಿರಣ ದೇಹದ ಸುತ್ತ ತಿರುಗುತ್ತಾ ನೂರಾರು ಕೋನಗಳಿಂದ ಹಾಯುತ್ತದೆ. ಕಂಪ್ಯೂಟರ್ ಆ ಅಳತೆಗಳನ್ನೆಲ್ಲ ಸೇರಿಸಿ, ಸೌತೆಕಾಯಿಯ ಬಿಲ್ಲೆಗಳಂತೆ ದೇಹದ ತೆಳು ಪದರಗಳ ಚಿತ್ರ ಕೊಡುತ್ತದೆ. ಬಿಲ್ಲೆಗಳನ್ನು ಮತ್ತೆ ಒಂದರ ಮೇಲೊಂದು ಜೋಡಿಸಿದರೆ ಇಡೀ ಸೌತೆಕಾಯಿ ಸಿಕ್ಕ ಹಾಗೆ, ಪದರಗಳನ್ನು ಜೋಡಿಸಿದರೆ 3ಡಿ ಮಾದರಿ.

ಈ ಯಂತ್ರವನ್ನು ರೂಪಿಸಿದವರು ಇಂಗ್ಲೆಂಡಿನ ಗಾಡ್‌ಫ್ರೇ ಹೌನ್ಸ್‌ಫೀಲ್ಡ್. 1971ರಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಯ ಮೆದುಳಿನ ಸ್ಕ್ಯಾನ್ ನಡೆಯಿತು. 1979ರಲ್ಲಿ ಅವರಿಗೂ ಅಲನ್ ಕೊರ್ಮಾಕ್ ಅವರಿಗೂ ನೊಬೆಲ್ ಪ್ರಶಸ್ತಿ ಬಂತು. ಪ್ರತಿ ಚುಕ್ಕೆಯ ಸಾಂದ್ರತೆಯನ್ನು ಅಳೆಯುವ ಮಾನಕ್ಕೂ ಹೌನ್ಸ್‌ಫೀಲ್ಡ್ ಹೆಸರೇ ಇದೆ: ಗಾಳಿಗೆ -1000, ನೀರಿಗೆ 0, ಗಟ್ಟಿ ಮೂಳೆಗೆ 1000ದ ಆಸುಪಾಸು ಅಥವಾ ಅದಕ್ಕಿಂತ ಹೆಚ್ಚು.

ಮಾದರಿ ಮಾಡುವುದು ಹೇಗೆ?

ಬ್ರೆಜಿಲ್‌ನ ಸರ್ಕಾರಿ ಸಂಶೋಧನಾ ಕೇಂದ್ರವೊಂದು ಅಲ್ಲಿನ ಸಾರ್ವಜನಿಕ ಆಸ್ಪತ್ರೆಗಳಿಗಾಗಿ 2001ರಿಂದ ಬೆಳೆಸಿಕೊಂಡು ಬಂದ ‘ಇನ್‌ವೆಸೇಲಿಯಸ್’ ಎಂಬ ಉಚಿತ ತಂತ್ರಾಂಶ ಇದಕ್ಕೆ ಸಾಕು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಮೊಬೈಲ್ ಸಾಲದು, ಕಂಪ್ಯೂಟರ್ ಬೇಕು.

1. ಸ್ಕ್ಯಾನ್ ಕೇಂದ್ರದಿಂದ ಸಿ.ಡಿ. ಕೇಳಿ ಪಡೆಯಿರಿ. ಅದರಲ್ಲಿ ‘ಡೈಕಾಮ್’ ಎಂಬ ರೂಪದ ಕಡತಗಳಿರಬೇಕು. ಫಿಲ್ಮಿನ ಫೋಟೋ ಆಗದು.
2. ತಂತ್ರಾಂಶ ತೆರೆದು ಆ ಫೋಲ್ಡರನ್ನು ಒಳಗೆ ತನ್ನಿ. ಹಲವು ಸರಣಿಗಳಿದ್ದರೆ ಹೆಚ್ಚು ಚಿತ್ರಗಳಿರುವುದನ್ನು ಆರಿಸಿ. 1 ಮಿ.ಮೀ. ಆಸುಪಾಸಿನ ಪದರಗಳಾದರೆ ಮಾದರಿ ನಯವಾಗಿರುತ್ತದೆ, 5 ಮಿ.ಮೀ. ಆದರೆ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ.
3. ಯಾವ ಸಾಂದ್ರತೆಯ ಭಾಗ ಬೇಕು ಎಂದು ಆರಿಸಿ. ‘ಮೂಳೆ’ ಎಂದು ಒತ್ತಿದರೆ ತಂತ್ರಾಂಶವೇ ಒಂದು ಗಡಿ ಹಾಕಿಕೊಳ್ಳುತ್ತದೆ.
4. 3ಡಿ ಮೇಲ್ಮೈ ರಚಿಸಲು ಹೇಳಿ, ಕೆಲಕಾಲ ಕಾಯಿರಿ. ಆಮೇಲೆ ಮೌಸ್‌ನಿಂದ ಹೇಗೆ ಬೇಕಾದರೂ ತಿರುಗಿಸಿ ನೋಡಿ.

ತಲೆಬುರುಡೆಯಲ್ಲಿ ತೂತು ಕಂಡರೆ?

ಅನೇಕರು ಗಾಬರಿಯಾಗುವುದು ಇಲ್ಲೇ. ಕಣ್ಣುಗುಳಿಯ ತಳದಲ್ಲಿ, ಮೂಗಿನ ಪಕ್ಕದಲ್ಲಿ ತೂತುಗಳು ಕಾಣುತ್ತವೆ. ಮೂಳೆ ಮುರಿದಿದೆ ಎಂದಲ್ಲ. ಅಲ್ಲಿನ ಮೂಳೆ ಕಾಗದದಷ್ಟು ತೆಳು. ಅದರ ಸಾಂದ್ರತೆ ಪಕ್ಕದ ಗಾಳಿ, ಮಾಂಸದ ಜೊತೆ ಬೆರೆತು ಕಡಿಮೆ ಅಂಕ ಬರುತ್ತದೆ. ನೀವು ಹಾಕಿದ ಗಡಿಯನ್ನು ದಾಟದ್ದರಿಂದ ತಂತ್ರಾಂಶ ಅದನ್ನು ಬಿಟ್ಟುಬಿಡುತ್ತದೆ. ಗಡಿಯನ್ನು ಸ್ವಲ್ಪ ಇಳಿಸಿ, ತೂತು ಮುಚ್ಚಿಕೊಳ್ಳುತ್ತದೆ!

ಇದಕ್ಕೆ ತದ್ವಿರುದ್ಧವೂ ನಡೆಯುತ್ತದೆ. ಕೂದಲೆಳೆಯಂಥ ನಿಜವಾದ ಬಿರುಕನ್ನು ನಯವಾದ ಮೇಲ್ಮೈ ಮುಚ್ಚಿಹಾಕಬಹುದು. ಹಲ್ಲಿಗೆ ತುಂಬಿಸಿದ ಲೋಹದಿಂದ ಮುಳ್ಳಿನಂಥ ಗೆರೆಗಳು ಏಳಬಹುದು. ಆದ್ದರಿಂದಲೇ ರೇಡಿಯಾಲಜಿಸ್ಟರು 3ಡಿ ಚಿತ್ರವೊಂದನ್ನೇ ನಂಬದೆ ಪದರ ಪದರವಾಗಿ ನೋಡಿ ವರದಿ ಬರೆಯುತ್ತಾರೆ. ಮಾದರಿಯಲ್ಲಿ ಏನೂ ಕಾಣಲಿಲ್ಲವೆಂದು ಚಿಕಿತ್ಸೆ ಬಿಡಬೇಡಿ, ಏನೋ ಕಂಡಿತೆಂದು ನಿದ್ದೆಗೆಡಬೇಡಿ. ಅನುಮಾನ ಬಂದರೆ ವರದಿ ಹಿಡಿದು ವೈದ್ಯರನ್ನೇ ಕೇಳಿ.

ಫಾರ್ವರ್ಡ್ ಮಾಡುವ ಮುನ್ನ

ಡೈಕಾಮ್ ಕಡತದೊಳಗೆ ರೋಗಿಯ ಹೆಸರು, ವಯಸ್ಸು, ಸ್ಕ್ಯಾನ್ ದಿನಾಂಕ ಸಾಮಾನ್ಯವಾಗಿ ಅಡಗಿರುತ್ತವೆ. ಅಷ್ಟೇ ಅಲ್ಲ, ತಲೆಯ ಸ್ಕ್ಯಾನ್‌ನಲ್ಲಿ ‘ಮೂಳೆ’ ಬದಲು ‘ಚರ್ಮ’ ಆರಿಸಿದರೆ ಗುರುತು ಹಿಡಿಯುವಂಥ ಮುಖವೇ ಮೂಡುತ್ತದೆ. ಹಾಗಾಗಿ ಅಪ್ಪ, ಅಮ್ಮನ ಸ್ಕ್ಯಾನ್ ಕಡತವನ್ನು ಗುಂಪುಗಳಿಗೆ ಕಳಿಸುವುದಾಗಲಿ, ಗೊತ್ತಿಲ್ಲದ ಆ್ಯಪ್‌ಗೆ ಏರಿಸುವುದಾಗಲಿ ಬೇಡ. ಇನ್‌ವೆಸೇಲಿಯಸ್ ನಿಮ್ಮ ಕಂಪ್ಯೂಟರಿನಲ್ಲೇ ಕೆಲಸ ಮಾಡುವುದರಿಂದ ಕಡತ ಹೊರಗೆ ಹೋಗಬೇಕಾಗಿಲ್ಲ.

ಇನ್ನೊಂದು ಮಾತು. ಮಾದರಿ ನೋಡುವ ಆಸೆಗೆ ಸಿಟಿ ಮಾಡಿಸಬೇಡಿ. ಎದೆಯ ಒಂದು ಎಕ್ಸ್‌ರೇಯಿಂದ ಸುಮಾರು 0.1 ಮಿಲಿಸೀವರ್ಟ್ ವಿಕಿರಣ ತಗುಲಿದರೆ, ಎದೆಯ ಸಿಟಿಯಿಂದ ಅದರ ಹತ್ತಾರು ಪಟ್ಟು ತಗಲುತ್ತದೆ. ವೈದ್ಯರು ಹೇಳಿ ಮಾಡಿಸಿದ ಸ್ಕ್ಯಾನ್ ಈಗಾಗಲೇ ಮನೆಯಲ್ಲಿದ್ದರೆ ಮಾತ್ರ ನೋಡಿ.

ಒಟ್ಟಿನಲ್ಲಿ: ಎಕ್ಸ್‌ರೇ ಫೋಟೋವನ್ನು 3ಡಿ ಮಾಡಿಕೊಡುತ್ತೇವೆ ಎನ್ನುವ ಆ್ಯಪ್ ನಂಬಬೇಡಿ. ಸಿಟಿಯಿಂದ ಮಾದರಿ ಮಾಡಬಹುದು ಎನ್ನುವುದು ನಿಜ. ನಮ್ಮ ದೇಹವನ್ನು ಅರಿಯಲು, ವೈದ್ಯರ ಮಾತು ಅರ್ಥ ಮಾಡಿಕೊಳ್ಳಲು ಅದು ಒಳ್ಳೆಯ ದಾರಿ. ರೋಗ ಪತ್ತೆ ಮಾಡುವ ಕೆಲಸ ಮಾತ್ರ ವೈದ್ಯರಿಗೇ ಇರಲಿ.