ಬಿಂಬ ಮತ್ತು ಧ್ವನಿಯ ಹೊಂದಾಣಿಕೆ: ಕನ್ನಡ ಚಲನಚಿತ್ರದಲ್ಲಿ ನಟನ ದನಿ

1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡ ‘ಸತಿ ಸುಲೋಚನಾ’ ಕನ್ನಡದ ಮೊದಲ ವಾಕ್ಚಿತ್ರ. ವೈ.ವಿ. ರಾವ್ ನಿರ್ದೇಶನದ ಈ ಚಿತ್ರ ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ ತಯಾರಾಯಿತು. ಆ ಕಾಲದ ಭಾರತೀಯ ವಾಕ್ಚಿತ್ರಗಳಲ್ಲಿ ನಟರು ಕ್ಯಾಮೆರಾದ ಮುಂದೆ ಆಡಿದ ಮಾತು, ಹಾಡಿದ ಹಾಡು ಆ ಕ್ಷಣದಲ್ಲಿಯೇ ಮುದ್ರಿತವಾಗುತ್ತಿದ್ದವು. ಕಂಠವನ್ನೇ ಬಂಡವಾಳವಾಗಿಸಿಕೊಂಡಿದ್ದ ರಂಗಭೂಮಿಯ ಕಲಾವಿದರಿಗೆ ಈ ಕ್ರಮ ಸಹಜವಾಗಿ ಒಗ್ಗಿತು.

ಹಿನ್ನೆಲೆ ಗಾಯನದ ಆಗಮನದೊಂದಿಗೆ ಈ ಐಕ್ಯ ಮೊದಲು ಹಾಡಿನಲ್ಲಿ, ಅನಂತರ ಮಾತಿನಲ್ಲಿ ಸಡಿಲಗೊಂಡಿತು. ಧ್ವನಿಯನ್ನು ಬೇರೊಂದು ಯಂತ್ರದಲ್ಲಿ ಮುದ್ರಿಸಿದಾಗ ಎರಡನ್ನೂ ಮರಳಿ ಕೂಡಿಸುವ ಹೊಣೆ ಸಂಕಲನಕಾರನದಾಯಿತು. ಕ್ಲ್ಯಾಪ್ ಹಲಗೆಯ ಎರಡು ಪಟ್ಟಿಗಳು ಕೂಡಿದ ಫ್ರೇಮನ್ನು ಆ ಸದ್ದು ಕೇಳಿಸುವ ಸ್ಥಾನಕ್ಕೆ ಹೊಂದಿಸುವುದು ಇದರ ಮೊದಲ ಹೆಜ್ಜೆ. ಆದರೆ ಆರಂಭ ಹೊಂದಿದರಷ್ಟೇ ಸಾಲದು. ಸೆಕೆಂಡಿಗೆ 24 ಫ್ರೇಮುಗಳ ನಡಿಗೆ ಕೊನೆಯವರೆಗೂ ತಪ್ಪಬಾರದು. ಕಾಂತೀಯ ಟೇಪಿಗೆ ಫಿಲ್ಮಿನಂತೆ ಅಂಚಿನ ರಂಧ್ರಗಳಿಲ್ಲ. ಅದು ಜಾರುತ್ತದೆ, ಹಿಗ್ಗುತ್ತದೆ. ಆದುದರಿಂದ ಕ್ಯಾಮೆರಾದ ವೇಗವನ್ನು ಸೂಚಿಸುವ ಪೈಲಟ್ ಸಂಕೇತವನ್ನೂ ಟೇಪಿನ ಮೇಲೆ ಮುದ್ರಿಸಿ, ಅದರ ಆಧಾರದಿಂದ ಧ್ವನಿಯನ್ನು ರಂಧ್ರಗಳುಳ್ಳ ಕಾಂತೀಯ ಫಿಲ್ಮಿಗೆ ವರ್ಗಾಯಿಸಲಾಗುತ್ತಿತ್ತು. ಸ್ವಿಟ್ಜರ್ಲೆಂಡಿನ ನಾಗ್ರಾ ಯಂತ್ರ ಈ ವಿಧಾನವನ್ನು ಹೊರಾಂಗಣಕ್ಕೆ ಕೊಂಡೊಯ್ದಿತು.

ಭಾರತದಲ್ಲಿ ರೂಢಿಯಾದದ್ದು ಬೇರೆಯೇ ಹಾದಿ. ಹಗುರವಾದ ಆರಿಫ್ಲೆಕ್ಸ್ ಕ್ಯಾಮೆರಾದ ಗದ್ದಲ ಮತ್ತು ಚಿತ್ರೀಕರಣ ನೋಡಲು ನೆರೆಯುವ ಜನರ ಕಲರವದಿಂದಾಗಿ ಸ್ಥಳದ ಧ್ವನಿ ಕೇವಲ ಮಾರ್ಗದರ್ಶಿಯಾಗಿ ಉಳಿಯಿತು. ದೃಶ್ಯದ ತುಣುಕಿನ ಎರಡು ತುದಿಗಳನ್ನು ಅಂಟಿಸಿ ಮತ್ತೆ ಮತ್ತೆ ಓಡಿಸಿದಂತೆ, ನಟರು ಡಬ್ಬಿಂಗ್ ಕೊಠಡಿಯಲ್ಲಿ ತುಟಿಯ ಚಲನೆಗೆ ಮಾತನ್ನು ಕೂಡಿಸುತ್ತಿದ್ದರು. ಕನ್ನಡವರಿಯದ ನಟರಿಗೆ ಬೇರೊಬ್ಬರ ಕಂಠ ದೊರೆಯಿತು. ಅನಗತ್ಯ ಸದ್ದು ದೂರವಾಯಿತು. ಆದರೆ ಅಭಿನಯದ ಉಸಿರು, ಓಣಿಯ ಮರುದನಿ, ಸೀಮೆಯ ಆಡುಮಾತಿನ ಏರಿಳಿತ ಇವುಗಳಲ್ಲಿ ಬಹುಪಾಲು ಆ ಕೊಠಡಿಯ ಹೊರಗೇ ಉಳಿದವು.

ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ ವೃತ್ತಿನಟರಲ್ಲದ ಗ್ರಾಮಸ್ಥರನ್ನು ಬಳಸಿ ರಾಮ್ ರೆಡ್ಡಿ ನಿರ್ದೇಶಿಸಿದ ‘ತಿಥಿ’ (2015) ಈ ದೃಷ್ಟಿಯಿಂದ ಮಹತ್ವದ್ದು. ಸ್ಥಳದಲ್ಲಿಯೇ ಧ್ವನಿಮುದ್ರಣಗೊಂಡುದರಿಂದ ಮಂಡ್ಯದ ಮಾತು ಅದನ್ನಾಡಿದವರ ಬಾಯಲ್ಲಿಯೇ ಉಳಿಯಿತು.

ಈ ಭೇದವನ್ನು ಕಿವಿ ಎಷ್ಟರಮಟ್ಟಿಗೆ ಗುರುತಿಸೀತು ಎಂಬ ಪ್ರಶ್ನೆ 2022ರಲ್ಲಿ ತೀವ್ರವಾಗಿ ಎದ್ದಿತು. ಸ್ಥಳದಲ್ಲಿ ಧ್ವನಿಮುದ್ರಿತವಾದ ಚಿತ್ರಗಳಿಗೆಂದೇ ಮೀಸಲಾದ ರಾಷ್ಟ್ರಪ್ರಶಸ್ತಿ ಕನ್ನಡದ ‘ಡೊಳ್ಳು’ ಚಿತ್ರಕ್ಕೆ ಘೋಷಿತವಾದಾಗ, ಅದು ಡಬ್ಬಿಂಗ್ ಮಾಡಿದ ಚಿತ್ರವೆಂದು ಅದರ ಧ್ವನಿವಿನ್ಯಾಸಕರೇ ಬಹಿರಂಗವಾಗಿ ತಿಳಿಸಿದರು. ಹೊಂದಾಣಿಕೆ ನಿರ್ದುಷ್ಟವಾದಷ್ಟೂ ಅದರ ಹಿಂದಿನ ಶ್ರಮ ಅದೃಶ್ಯವಾಗುತ್ತದೆ ಎಂಬುದಕ್ಕೆ ಇದು ನಿದರ್ಶನ.

‘ಸತಿ ಸುಲೋಚನಾ’ದ ಪ್ರತಿ ಇಂದು ಲಭ್ಯವಿಲ್ಲ, ಕನ್ನಡ ಬೆಳ್ಳಿತೆರೆಯ ಮೊದಲ ದನಿಗಳು ಅದರೊಂದಿಗೆ ಕಣ್ಮರೆಯಾದವು. ತೆರೆಯ ಮೇಲಿನ ದನಿ ಯಾರದು, ಎಲ್ಲಿ ಮುದ್ರಿತವಾಯಿತು ಎಂಬ ವಿವರವನ್ನು ಪ್ರತಿ ಚಿತ್ರದೊಂದಿಗೂ ದಾಖಲಿಸುವುದು, ಸ್ಥಳದಲ್ಲಿ ಮುದ್ರಿಸಿದ ಮೂಲ ಧ್ವನಿಯನ್ನು ಚಿತ್ರದ ಪ್ರತಿಯಷ್ಟೇ ಜತನದಿಂದ ಕಾಪಾಡುವುದು ಕನ್ನಡ ಚಲನಚಿತ್ರ ಚರಿತ್ರೆಯ ಅಗತ್ಯ ಕರ್ತವ್ಯವಾಗಿದೆ.